ನಾನು ಹಾರಲು ಬಿಟ್ಟ ಹಸಿರು ಹುಳ

ನಾವು 1997ರಲ್ಲಿ ಡೆಟ್ರಾಯಿಟ್ ಹತ್ತಿರದ ಒಂದು ಸಬ್‌ಡಿವಿಷನ್ನಿಗೆ, ಅಂದರೆ ಬಡಾವಣೆಗೆ, ಬಂದಾಗ ಬೀದಿಯ ಎರಡೂ ಬದಿಗೆ ಒಂದೇ ಜಾತಿಯ ಮರಗಳು ಸಾಲಾಗಿ ನಿಂತಿದ್ದವು. ಆ್ಯಶ್ ಮರಗಳು. ನನ್ನ ಗಂಡ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಧಾರವಾಡದಲ್ಲಿ ಬಾಟನಿ ಎಂ.ಎಸ್ಸಿ. ಮಾಡಿ, ಗದಗಿನ ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿದವಳು. ಇಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಒಂದು ವರ್ಷದ ಮಗಳನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಬೀದಿ ಸುತ್ತುತ್ತಿದ್ದೆ. ಲೈಬ್ರರಿಯಿಂದ ತಂದ ಪುಸ್ತಕ ನೋಡಿ ಗಿಡಮರಗಳ ಗುರುತು ಹಚ್ಚುತ್ತಿದ್ದೆ.

ಹಾಗೆ ಮೊದಲು ಪರಿಚಯವಾದದ್ದು ಈ ಮರ. ಕೊಂಬೆಗಳು ಎದುರುಬದುರಾಗಿ, ಜೋಡಿಜೋಡಿಯಾಗಿ ಹೊರಡುತ್ತವೆ. ವಸಂತದಲ್ಲಿ ಉಳಿದೆಲ್ಲ ಮರ ಚಿಗುರಿದ ಮೇಲೆ ನಿಧಾನಕ್ಕೆ ಚಿಗುರುತ್ತದೆ, ಅಕ್ಟೋಬರ್‌ನಲ್ಲಿ ಎಲ್ಲಕ್ಕಿಂತ ಮೊದಲು ಅರಿಸಿನವಾಗಿ ಉದುರುತ್ತದೆ. ಪುಸ್ತಕದಲ್ಲಿ ಇದರ ಕುಟುಂಬದ ಹೆಸರು ಓದಿದಾಗ ನನಗೆ ನಗು ಬಂತು. ಮಲ್ಲಿಗೆ, ಜಾಜಿ, ಪಾರಿಜಾತಗಳ ಕುಟುಂಬವೇ ಇದರದ್ದೂ. ಗದಗಿನಲ್ಲಿ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದು ವಿವರಿಸಿದ ಕುಟುಂಬ ಇಲ್ಲಿ ಅರವತ್ತು ಅಡಿ ಎತ್ತರಕ್ಕೆ ಬೆಳೆದು ಕಾರುಗಳಿಗೆ ನೆರಳು ಕೊಡುತ್ತಿತ್ತು.

ಇದನ್ನು ನಾನು ಮೊದಲು ಹೇಳಿದ್ದು ಹಿಂದಿನ ಬೀದಿಯ ಆಂಟಿಗೆ. ಅವರದು ದಾವಣಗೆರೆಯ ಮುಸ್ಲಿಂ ಕುಟುಂಬ. ಇಪ್ಪತ್ತು ವರ್ಷದ ಹಿಂದೆಯೇ ಬಂದವರು. ಅಂಕಲ್ ಒಂದು ಡ್ರೈ ಕ್ಲೀನಿಂಗ್ ಅಂಗಡಿ ನಡೆಸುತ್ತಿದ್ದರು. ಆಂಟಿಗೆ ಅದರ ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮೇ ತಿಂಗಳಿಂದ ಚಳಿ ಶುರುವಾಗುವವರೆಗೆ ದಿನಾ ಬೆಳಗ್ಗೆ ಅಂಕಲ್ ಅವರನ್ನು ಮನೆ ಮುಂದಿನ ಆ್ಯಶ್ ಮರದ ಕೆಳಗೆ ಕುರ್ಚಿಯಲ್ಲಿ ಕೂರಿಸಿ ಅಂಗಡಿಗೆ ಹೋಗುತ್ತಿದ್ದರು. ಹನ್ನೊಂದು ಗಂಟೆಗೆ ಬಂದು ಒಳಗೆ ಕರೆದೊಯ್ಯುತ್ತಿದ್ದರು. ಆ ಹೊತ್ತಿನಲ್ಲಿ ನಾನು ಮಗಳನ್ನು ಕರೆದುಕೊಂಡು ಅವರ ಜೊತೆ ಕೂರುತ್ತಿದ್ದೆ.

"ಮಲ್ಲಿಗೆ ಜಾತೀನಾ ಇದು? ಹಂಗಾದ್ರೆ ಮಲ್ಲಿಗೆಗೆ ಏನಾಗ್ಬೇಕು?" ಎಂದು ಕೇಳಿದ್ದರು ಆಂಟಿ. ಅವರ ಮಾತು ಆಗ ಸ್ವಲ್ಪ ತೊದಲುತ್ತಿತ್ತು.

"ದೊಡ್ಡಪ್ಪ ಅನ್ಕೊಳ್ರಿ ಆಂಟಿ."

ಅವರು ತಲೆ ಎತ್ತಿ ಮರವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹೂವಿನ ವಾಸನೆ ಇಲ್ದಿದ್ರೂ ಪರವಾಗಿಲ್ಲ ಬಿಡು, ನೆರಳು ಚೆನ್ನಾಗಿದೆ" ಎಂದರು.

ನಮ್ಮ ಮನೆಯ ಹಿತ್ತಲಿನಲ್ಲೂ ಒಂದು ಆ್ಯಶ್ ಇತ್ತು. 2000ನೇ ಇಸವಿಯ ಬೇಸಿಗೆಯಲ್ಲಿ ಅದರ ನೆತ್ತಿ ಬೋಳಾಯಿತು. ಕೆಳಗೆ, ಬೊಡ್ಡೆಯ ತೊಗಟೆ ಒಡೆದುಕೊಂಡು ಅಡ್ಡಾದಿಡ್ಡಿ ಹೊಸ ಚಿಗುರು ಬಂತು. ಸಾಯುವ ಮರ ಕೊನೆಯ ಪ್ರಯತ್ನವಾಗಿ ಹೀಗೆ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಮರುವರ್ಷ ಅದು ಚಿಗುರಲೇ ಇಲ್ಲ. ತೊಗಟೆಯ ಮೇಲೆ ಸಣ್ಣ ಸಣ್ಣ ತೂತುಗಳಿದ್ದವು. ದುಂಡಗಿನವಲ್ಲ, ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ಬಾಗಿದ, ಇಂಗ್ಲಿಷಿನ 'ಡಿ' ಅಕ್ಷರದಂಥವು. ನಾನು ಬೆರಳಿಟ್ಟು ನೋಡಿದ್ದೆ. ಮಳೆ ಕಡಿಮೆಯಾಗಿ ಮರ ಸೊರಗಿದೆ, ಸೊರಗಿದ ಮರಕ್ಕೆ ಯಾವುದೋ ಹುಳ ಬಿದ್ದಿದೆ ಎಂದುಕೊಂಡೆ. ಊರಲ್ಲಿ ಅಲ್ಲಲ್ಲಿ ಆ್ಯಶ್ ಮರಗಳು ಹೀಗೇ ಒಣಗುತ್ತಿದ್ದವು. ನರ್ಸರಿಯವರೂ ಯಾವುದೋ ರೋಗ ಎಂದೇ ಹೇಳುತ್ತಿದ್ದರು.

ಜೂನ್‌ನಲ್ಲಿ ನನ್ನ ಗಂಡ ಮತ್ತು ಅಂಕಲ್ ಸೇರಿ ಆ ಮರ ಕಡಿದರು. ಬಾಡಿಗೆಗೆ ಗರಗಸದ ಮೆಷಿನ್ ತಂದು ಎರಡು ದಿನ ದುಡಿದರು. ಆ್ಯಶ್ ಕಟ್ಟಿಗೆ ನೇರವಾಗಿ ಸೀಳುತ್ತದೆ, ಹಸಿ ಇದ್ದರೂ ಚೆನ್ನಾಗಿ ಉರಿಯುತ್ತದೆ. ಎರಡು ವಾರದ ನಂತರ ಶಿಕಾಗೊ ಕಡೆಯ ಕನ್ನಡ ಕುಟುಂಬಗಳ ಪಿಕ್ನಿಕ್ ಇತ್ತು. ಲಿಸ್ಲ್‌ನಲ್ಲಿದ್ದ ನನ್ನ ಗಂಡನ ಕಾಲೇಜಿನ ಗೆಳೆಯ ಫೋನ್ ಮಾಡಿ, ಪಕ್ಕದ ಕೌಂಟಿಯಲ್ಲಿ ನದಿ ದಂಡೆಯ ಕ್ಯಾಂಪಿಂಗ್ ಜಾಗ ಬುಕ್ ಮಾಡಿದ್ದೇವೆ, ಜೋಳದ ತೆನೆ ಸುಡಬೇಕು, ಕಟ್ಟಿಗೆ ಇದ್ದರೆ ತನ್ನಿ ಎಂದ. ನಾವು ವ್ಯಾನಿನ ಹಿಂದಿನ ಸೀಟು ತೆಗೆದು ಕಟ್ಟಿಗೆ ತುಂಬಿದೆವು. ಅಂಕಲ್ ಅಂಗಡಿಗೆ ಹೋಗುವ ಮುಂಚೆ ಬಂದು ಅವರೂ ಒಂದಷ್ಟು ಹೊತ್ತು ಹಾಕಿದರು. ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿದೆವು.

ಕ್ಯಾಂಪಿನಲ್ಲಿ ಕಟ್ಟಿಗೆ ಇಳಿಸುವಾಗ ನಾಲ್ಕೂವರೆ ವರ್ಷದ ಮಗಳು ಓಡಿ ಬಂದು ತೋಳು ಚಾಚಿದಳು. "ಅಮ್ಮಾ ಲುಕ್, ಇಟ್ಸ್ ಶೈನಿ." ಅವಳ ತೋಳಿನ ಮೇಲೆ ಅರ್ಧ ಇಂಚಿನ, ಸಪೂರ ಹುಳವೊಂದಿತ್ತು. ಎಂಥ ಹಸಿರು ಅಂದರೆ, ನಮ್ಮ ಕಡೆ ಮದುವೆ ಸೀರೆಯ ಜರಿಗೆ ಹಸಿರು ಬಣ್ಣ ಹಾಕಿದ ಹಾಗೆ. ರೆಕ್ಕೆ ಬಿಚ್ಚಿದಾಗ ಅದರಡಿ ಬೆನ್ನು ತಾಮ್ರದ ಬಣ್ಣದಲ್ಲಿ ಹೊಳೆಯಿತು. ನಾನು ಅಷ್ಟು ಚೆಂದದ ಹುಳವನ್ನು ಅದುವರೆಗೆ ನೋಡಿರಲಿಲ್ಲ. ವ್ಯಾನಿನ ಒಳಗೆ, ಕಿಟಕಿ ಗಾಜಿನ ಮೇಲೆ ಇನ್ನೂ ಎರಡು ಹರಿದಾಡುತ್ತಿದ್ದವು. ಮಗಳಿಗೆ ಜೀವ ದಯೆ ಕಲಿಸಬೇಕೆಂದು ನಾನು, "ಕೊಲ್ಲಬಾರದು, ಬಿಡು ಅದನ್ನ" ಎಂದೆ. ಅವಳ ಕೈ ಹಿಡಿದು ಹತ್ತಿರದ ಮರದ ಎಲೆಗೆ ತೋಳು ತಾಗಿಸಿದೆ. ಹುಳ ಎಲೆಗೆ ಹತ್ತಿಕೊಂಡಿತು. ಗಾಜಿನ ಮೇಲಿದ್ದವನ್ನೂ ಕಾಗದದಲ್ಲಿ ಎತ್ತಿ ಹೊರಗೆ ಹಾರಿಸಿದೆ. ಉಳಿದ ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಭಾನುವಾರ ವಾಪಸ್ ಬಂದೆವು.

ಮರುವರ್ಷ, 2002ರ ಬೇಸಿಗೆಯಲ್ಲಿ, ಲೋಕಲ್ ಪೇಪರಿನಲ್ಲಿ ಆ ಹುಳದ ಬಣ್ಣದ ಫೋಟೋ ಬಂತು. ಅಡುಗೆಮನೆಯ ಟೇಬಲ್ ಮೇಲೆ ಹರಡಿದ್ದ ಪೇಪರನ್ನು ನಾನು ನಿಂತುಕೊಂಡೇ ಓದಿದೆ. ಚೀನಾ ಕಡೆಯ ಹುಳ. ಸರಕು ತುಂಬುವ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು. ಬಂದು ಎಷ್ಟೋ ವರ್ಷಗಳಾಗಿವೆ, ಯಾರಿಗೂ ಗೊತ್ತಾಗಿಲ್ಲ. ಅಲ್ಲಿಯ ಮರಗಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇದೆ, ಇಲ್ಲಿಯ ಆ್ಯಶ್‌ಗೆ ಇಲ್ಲ. ಮರಿಹುಳ ತೊಗಟೆಯ ಒಳಗೆ ಕೂತು ಎಲೆಯಿಂದ ಬೇರಿಗೆ ಆಹಾರ ಸಾಗುವ ಪದರವನ್ನು ತಿನ್ನುತ್ತದೆ. ಮರ ನಿಂತಲ್ಲೇ ಉಪವಾಸ ಸಾಯುತ್ತದೆ. ಬೆಳೆದ ಹುಳ 'ಡಿ' ಆಕಾರದ ತೂತು ಕೊರೆದು ಹೊರಬರುತ್ತದೆ. ಕೊನೆಯ ಸಾಲಿನಲ್ಲಿ ಹೀಗಿತ್ತು: ಕಟ್ಟಿಗೆಯನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸಬೇಡಿ. ಈ ಹುಳ ಬೇರೆಲ್ಲಾದರೂ ಕಂಡಿದ್ದರೆ ಈ ನಂಬರಿಗೆ ತಿಳಿಸಿ.

ಸಂಜೆ ಗಂಡ ಬಂದ ಮೇಲೆ ಪೇಪರ್ ತೋರಿಸಿದೆ.

"ಅದ ಹುಳಾ ಅಂತ ನಿನಗ ಹೆಂಗ ಗೊತ್ತು?" ಎಂದರು. "ಹಸರ ಹುಳಾ ಸಾವಿರ ಇರ್ತಾವ."

"ನಾ ಮೂರು ಹುಳಾ ನೋಡೇನ್ರೀ. ನಮ್ಮ ಗಿಡದಾಗ ತೂತೂ ನೋಡೇನಿ."

"ಫೋನ್ ಮಾಡಿ ಏನಂತ ಹೇಳ್ತಿ? ಹೆಸರು ಕೇಳ್ತಾರ, ಅಡ್ರೆಸ್ ಕೇಳ್ತಾರ. ಗ್ರೀನ್ ಕಾರ್ಡ್ ಇನ್ನೇನು ಬರೂದೈತಿ. ಈಗ ಯಾವ ಲಫಡಾನೂ ಬ್ಯಾಡ."

ನಾನು ಫೋನ್ ಮಾಡಲಿಲ್ಲ. ತಪ್ಪು ಅವರದೊಂದೇ ಎಂದು ಹೇಳಲಾರೆ. ಅವರು ಆಫೀಸಿಗೆ ಹೋದ ಮೇಲೆ ಇಡೀ ದಿನ ಫೋನ್ ನನ್ನ ಹತ್ತಿರವೇ ಇರುತ್ತಿತ್ತು. ಮಾಡಲಿಲ್ಲ, ಅಷ್ಟೆ. ವಾರ ಕಳೆಯಿತು, ತಿಂಗಳು ಕಳೆಯಿತು. ಆ ಮೇಲೆ ಮಾಡಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂಬ ಅಂಜಿಕೆಯೂ ಸೇರಿಕೊಂಡಿತು.

ಆ ಚಳಿಗಾಲದಲ್ಲಿ ಗ್ರೀನ್ ಕಾರ್ಡ್ ಬಂತು. ವಸಂತದಲ್ಲಿ ನಮ್ಮ ಊರಿನ ಪಾರ್ಕ್ ವಿಭಾಗದವರು ಬೀದಿಮರಗಳ ಸರ್ವೆಗೆ ತಾತ್ಕಾಲಿಕ ಕೆಲಸಗಾರರನ್ನು ಕರೆದಾಗ ನಾನು ಅಪ್ಲೈ ಮಾಡಿದೆ. ಅಮೆರಿಕದಲ್ಲಿ ನನ್ನ ಮೊದಲ ಕೆಲಸ ಅದು. ನನಗೊಂದು ಕಿತ್ತಳೆ ಜಾಕೆಟ್, ಒಂದು ಅಳತೆಪಟ್ಟಿ, ಒಂದು ಬಣ್ಣದ ಸ್ಪ್ರೇ ಡಬ್ಬಿ ಕೊಟ್ಟರು. ಗುರುತು ಹಾಕಿದ ಮರಗಳನ್ನು ಹಿಂದಿನಿಂದ ಬರುವ ಟ್ರಕ್ಕಿನವರು ಕಡಿಯುತ್ತಿದ್ದರು. ಕೆಲವು ಮರಗಳ ತೊಗಟೆ ಸುಲಿದು ಒಳಗೆ ನೋಡುವ ಕೆಲಸವೂ ಇತ್ತು. ಮೊದಲ ಸಲ ಸುಲಿದಾಗ ಮರದ ಪುಡಿಯನ್ನು ಕೈಯಿಂದ ಒರೆಸಿ ನೋಡಿದೆ. ಬಿಳಿ ಮರದ ಮೈಮೇಲೆ ಹಾವು ಹರಿದ ಹಾಗೆ ಸುರುಳಿ ಸುರುಳಿ ದಾರಿಗಳು. ಒಂದೊಂದೂ ಎಳೆಯಷ್ಟು ಸಣ್ಣದಾಗಿ ಶುರುವಾಗಿ, ಹುಳ ಬೆಳೆದಂತೆ ಅಗಲವಾಗುತ್ತ ಹೋಗುತ್ತಿತ್ತು. ಎಷ್ಟು ಮರಿಗಳಿದ್ದರೂ ಒಂದರ ದಾರಿಗೆ ಇನ್ನೊಂದು ಅಡ್ಡ ಬಂದದ್ದು ಕಡಿಮೆ. ಕಣ್ಣಿಲ್ಲದೆ ಕತ್ತಲಲ್ಲಿ ತಿನ್ನುವ ಹುಳಕ್ಕೆ ಪಕ್ಕದಲ್ಲಿ ಯಾರಿದ್ದಾರೆಂದು ಹೇಗೆ ತಿಳಿಯುತ್ತದೋ. ಮರಕುಟಿಗಗಳಿಗೆ ಮಾತ್ರ ನಮಗಿಂತ ಮೊದಲೇ ಎಲ್ಲ ಗೊತ್ತಿತ್ತು. ಎಲ್ಲಿ ಅವು ತೊಗಟೆ ಕೆತ್ತಿ ತಿಳಿಬಣ್ಣದ ಮಚ್ಚೆ ಮಾಡಿರುತ್ತಿದ್ದವೋ ಅಲ್ಲಿ ಹುಳ ಇದ್ದೇ ಇರುತ್ತಿತ್ತು.

ಡೆಟ್ರಾಯಿಟ್ ಸುತ್ತಿನ ಹಳೆಯ ಬೀದಿಗಳಲ್ಲಿ ಹಿಂದೆ ಎಲ್ಮ್ ಮರಗಳಿದ್ದವಂತೆ. ಅವು ಇನ್ನೊಂದು ಪರದೇಶದ ರೋಗಕ್ಕೆ ಸತ್ತವು. ಆ ಜಾಗದಲ್ಲಿ, ಎಲ್ಲಿ ಹಾಕಿದರೂ ಬದುಕುವ ಗಟ್ಟಿ ಮರ ಎಂದು ಎಲ್ಲರೂ ಆ್ಯಶ್ ನೆಟ್ಟರು. ಮತ್ತೆ ಬೀದಿಗೆಲ್ಲ ಒಂದೇ ಜಾತಿ. ಇದನ್ನು ನನಗೆ ಹೇಳಿದ್ದು ನಮ್ಮ ತಂಡದ ಮುಖ್ಯಸ್ಥ, ರಿಟೈರಾಗಲು ಬಂದಿದ್ದ ಬಿಳಿಯ. ಅವನ ತಂದೆಯೂ ಅದೇ ವಿಭಾಗದಲ್ಲಿದ್ದು ಎಲ್ಮ್‌ಗಳನ್ನು ಕಡಿಸಿದವನು. ಈ ಸಲ ತಾನು ಕಡಿಸುತ್ತಿದ್ದೇನೆ ಎನ್ನುವಾಗ ಅವನ ಮುಖದಲ್ಲಿ ಏನೂ ಕಾಣಲಿಲ್ಲ.

ಜುಲೈ ಹೊತ್ತಿಗೆ ನಮ್ಮ ಸಬ್‌ಡಿವಿಷನ್ನಿನ ಸರದಿ ಬಂತು. ರಸ್ತೆ ಮತ್ತು ಫುಟ್‌ಪಾತಿನ ನಡುವಿನ ಮರಗಳೆಲ್ಲ ಊರಿನವು, ಮನೆಯವರದಲ್ಲ. ಆ್ಯಶ್ ಆದರೆ ಸಾಕು, ಹುಳ ಇರಲಿ ಬಿಡಲಿ, ಗುರುತು ಹಾಕಬೇಕೆಂದು ಆದೇಶ. ಅಂಕಲ್ ಮನೆ ಮುಂದೆ ಹೋದಾಗ ಒಂಬತ್ತು ಗಂಟೆ. ಆಂಟಿ ಮರದ ಕೆಳಗೆ ಕೂತಿದ್ದರು. ಅಂಕಲ್ ಅಂಗಡಿಗೆ ಹೊರಡಲು ಕಾರಿನ ಬಾಗಿಲು ತೆರೆದಿದ್ದವರು ನನ್ನ ಜಾಕೆಟ್ ನೋಡಿ ಬಾಗಿಲು ಮುಚ್ಚಿ ಬಂದರು.

"ಏನ್ ಬೇಟಾ, ನಮ್ಮ ಬೀದಿಗೂ ಬಂತಾ?"

"ಬಂತು ಅಂಕಲ್."

"ನಮ್ಮ ಮರ ಚೆನ್ನಾಗಿದೆಯಲ್ಲಮ್ಮ. ನೀನೇ ನೋಡು."

ನಾನು ನೋಡಿದೆ. ನೆತ್ತಿಯವರೆಗೂ ಎಲೆ ತುಂಬಿತ್ತು. ಬೊಡ್ಡೆಯನ್ನು ಸುತ್ತು ಹಾಕಿ ನೋಡಿದೆ, ಒಂದು ತೂತೂ ಸಿಗಲಿಲ್ಲ.

"ಔಷಧ ಗಿವುಷಧ ಏನೂ ಇಲ್ವಾ?"

"ಇದೆ ಅಂಕಲ್, ಆದ್ರೆ ಕೆಲಸ ಮಾಡುತ್ತೆ ಅಂತ ಖಾತ್ರಿ ಇಲ್ಲ. ಇದು ಸಿಟಿ ಮರ, ನಾವು ಹಾಕೋ ಹಾಗೂ ಇಲ್ಲ. ಈ ವರ್ಷ ಹುಳ ಇಲ್ದಿದ್ರೂ ಮುಂದಿನ ವರ್ಷ ಬರುತ್ತೆ. ಈಗ್ಲೇ ಕಡಿದ್ರೆ ಮುಂದಕ್ಕೆ ಹರಡೋದು ತಪ್ಪಬಹುದು ಅಂತ."

"ತಪ್ಪುತ್ತಾ?"

ಆ ಹೊತ್ತಿಗೆ ನನಗೆ ನಂಬಿಕೆ ಇತ್ತು. "ತಪ್ಪುತ್ತೆ ಅಂಕಲ್" ಎಂದೆ.

ಅವರು ಆಂಟಿಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಅಂಕಲ್ ಕುರ್ಚಿಯನ್ನು ಆಂಟಿ ಸಮೇತ ಒಂದೆರಡು ಅಡಿ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು. ನಾನು ಸ್ಪ್ರೇ ಮಾಡಿದೆ. ಬಣ್ಣದ ವಾಸನೆಗೆ ಆಂಟಿ ದುಪಟ್ಟಾದ ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಮುಂದಿನ ವಾರ ಟ್ರಕ್ ಬಂತು. ಕಡಿದ ಬುಡದಲ್ಲಿ ಹುಳದ ಗುರುತೇ ಇರಲಿಲ್ಲ. ನಾನು ತೊಗಟೆ ಸುಲಿದು ಸುಲಿದು ಹುಡುಕಿದೆ. ಒಂದಾದರೂ ಸಿಕ್ಕಿದ್ದರೆ ಅಂಕಲ್‌ಗೆ ತೋರಿಸಬಹುದಿತ್ತು.

ಎರಡು ವರ್ಷದಲ್ಲಿ ನಮ್ಮ ಕೆಲಸವೆಲ್ಲ ವ್ಯರ್ಥ ಎಂದು ಗೊತ್ತಾಯಿತು. ಕಡಿದ ಜಾಗವನ್ನು ದಾಟಿ ಎಷ್ಟೋ ಮೈಲಿ ಆಚೆ ಹುಳ ಸಿಗುತ್ತಿತ್ತು, ಅದೂ ಅಲ್ಲಿಗೆ ಬಂದು ನಾಲ್ಕೈದು ವರ್ಷವಾಗಿರುತ್ತಿತ್ತು. ಅದು ಹಾರಿ ಹೋದದ್ದಕ್ಕಿಂತ ಜನರ ಟ್ರಕ್ಕು, ವ್ಯಾನುಗಳಲ್ಲಿ ಕೂತು ಹೋದದ್ದೇ ಹೆಚ್ಚು. ಸುತ್ತ ಮರ ಕಡಿದು ತಡೆಯುವ ಯೋಜನೆಯನ್ನು ಒಂದೊಂದಾಗಿ ಎಲ್ಲ ಕಡೆ ಕೈಬಿಟ್ಟರು. ಮುಖ್ಯಸ್ಥ ರಿಟೈರಾದ. ಬೀದಿಗಳು ಬಿಸಿಲಿಗೆ ಬಿದ್ದುಕೊಂಡವು. ಆಂಟಿ ಹೊರಗೆ ಕೂರುವುದನ್ನು ಬಿಟ್ಟರು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್‌ನ ದಿನ ಬೋಳು ಅಂಗಳದಲ್ಲಿ ಅವರು ಕೂರುವುದಾದರೂ ಹೇಗೆ. ಒಮ್ಮೆ ಒಂದು ದೊಡ್ಡ ಛತ್ರಿ ಒಯ್ದು ಕೊಟ್ಟೆ. ಅಂಕಲ್ ಥ್ಯಾಂಕ್ಸ್ ಹೇಳಿ ಗ್ಯಾರೇಜಿನಲ್ಲಿಟ್ಟರು. ಅದು ಅಲ್ಲೇ ಉಳಿಯಿತು.

ಆಮೇಲೆ ಕಾರಿನ ಕಂಪನಿಗಳ ಕಾಲ ಕೆಟ್ಟಿತು. 2005ರಲ್ಲಿ ನನ್ನ ಗಂಡನ ಕೆಲಸ ಹೋಗಿ, ಶಿಕಾಗೊ ಹತ್ತಿರದ ಲಿಸ್ಲ್‌ನಲ್ಲಿ ಇನ್ನೊಂದು ಸಿಕ್ಕಿತು. ನಾವು ಮನೆ ಬದಲಿಸಿದೆವು. ಲಿಸ್ಲ್‌ನ ಬೀದಿಗಳಲ್ಲೂ ಆ್ಯಶ್ ಮರಗಳಿದ್ದವು, ತುಂಬಿದ ನೆತ್ತಿಯವು. ಮೊದಲ ಬೇಸಿಗೆಯಲ್ಲಿ ನಾನು ಅವನ್ನು ನೋಡುತ್ತ ನಡೆಯುವಾಗ ನೆಮ್ಮದಿ ಅನಿಸಬೇಕಿತ್ತು, ಅನಿಸಲಿಲ್ಲ. ಪ್ರತಿ ಬೊಡ್ಡೆಯ ಹತ್ತಿರ ನಿಂತು ಬೆರಳಾಡಿಸುತ್ತಿದ್ದೆ. ಮಗಳಿಗೆ ನಾಚಿಕೆಯಾಗಿ, "ಅಮ್ಮಾ, ಪೀಪಲ್ ಆರ್ ವಾಚಿಂಗ್" ಎಂದು ಮುಂದೆ ಹೋಗಿಬಿಡುತ್ತಿದ್ದಳು.

2006ರ ಬೇಸಿಗೆಯಲ್ಲಿ ನಾವೀಗ ಇದ್ದ ಇಲಿನಾಯ್ ರಾಜ್ಯದಲ್ಲಿ ಆ ಹುಳ ಮೊದಲ ಸಲ ಸಿಕ್ಕಿತು. ನಾವು ಕಟ್ಟಿಗೆ ಒಯ್ದಿದ್ದ ಅದೇ ಕೌಂಟಿಯಲ್ಲಿ. ಹುಳ ಬಂದು ಕೆಲವು ವರ್ಷಗಳೇ ಆಗಿರಬೇಕು ಎಂದು ಸುದ್ದಿಯಲ್ಲಿ ಹೇಳಿದರು. ಅವತ್ತು ನಾನು ಫೋನ್ ಮಾಡಿದೆ. ಎತ್ತಿಕೊಂಡವಳು ದನಿಯಲ್ಲಿ ಸಣ್ಣ ವಯಸ್ಸಿನವಳು. ಎಲ್ಲ ಹೇಳಿದೆ: ಯಾವ ವರ್ಷ, ಎಷ್ಟು ಕಟ್ಟಿಗೆ, ಎಲ್ಲಿ ಇಳಿಸಿದ್ದು, ಎಷ್ಟು ಹುಳ, ಯಾವ ಕೈಯಿಂದ ಎಲೆಗೆ ಬಿಟ್ಟದ್ದು ಎನ್ನುವುದನ್ನೂ ಸಹ. ಅವಳು ತಾಳ್ಮೆಯಿಂದ ಬರೆದುಕೊಂಡಳು. ಈಗ ಸಿಕ್ಕಿದ ಜಾಗ ಆ ಕ್ಯಾಂಪಿಗೆ ಹತ್ತಿರದಲ್ಲಿಲ್ಲ, ನಿಮ್ಮ ಕಟ್ಟಿಗೆಯಿಂದಲೇ ಬಂತೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು, ನಿಮ್ಮ ಹಾಗೆ ಒಯ್ದವರು ಬಹಳ ಜನ ಇರುತ್ತಾರೆ ಎಂದಳು. ಶಿಕ್ಷೆ, ದಂಡ ಎಂಬ ಮಾತೇ ಇಲ್ಲ.

"2002ರಲ್ಲೇ ನಾನು ಹೇಳಿದ್ದರೆ?" ಎಂದು ಕೇಳಿದೆ.

"ಆಗ ಎಲ್ಲಿ ಹುಡುಕಬೇಕೆಂದು ನಮಗೆ ಒಂದು ಜಾಗವಾದರೂ ಗೊತ್ತಿರುತ್ತಿತ್ತು" ಎಂದಳು. ಬೈಯುವ ದನಿಯಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಗಂಡ ಬಂದು ಕೇಳಿದಾಗ ಹೇಳಿದೆ. ಅವರು ಎದುರಿಗೆ ಕೂತು, "ನಾನ ಬ್ಯಾಡಂದಿದ್ದೆ" ಎಂದರು.

2008ರ ಆಗಸ್ಟ್‌ನಲ್ಲಿ ಮದುವೆಯೊಂದಕ್ಕೆ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ಗೆ ಹೋದಾಗ ಅಂಕಲ್ ಮನೆಗೂ ಹೋದೆವು. ಅಂಗಡಿ ಮುಚ್ಚಿ ಅವರು ಮನೆಯಲ್ಲೇ ಇದ್ದರು. ಹಳೆಯ ಬೀದಿ ನನಗೆ ಗುರುತೇ ಸಿಗಲಿಲ್ಲ. ಕಾರಿನಿಂದ ಇಳಿದ ಮಗಳು ಸುತ್ತ ನೋಡಿ, "ಇಟ್ ವಾಸ್ ಆಲ್ವೇಸ್ ದಿಸ್ ಸನ್ನಿ, ರೈಟ್?" ಎಂದಳು. ಅವಳಿಗೆ ಮರಗಳು ನೆನಪಿರಲಿಲ್ಲ. ತೋಳಿನ ಮೇಲಿನ ಹುಳವೂ ನೆನಪಿಲ್ಲ ಎಂದು ಹಿಂದೊಮ್ಮೆ ಹೇಳಿದ್ದಳು.

ಆಂಟಿ ಒಳಗೆ, ಬ್ಲೈಂಡ್ ಎಳೆದ ಕಿಟಕಿಯ ಪಕ್ಕದಲ್ಲಿದ್ದರು. ಮಾತು ಪೂರ್ತಿ ನಿಂತಿತ್ತು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಅಂಕಲ್ ನನ್ನನ್ನು ಹಿತ್ತಿಲಿಗೆ ಕರೆದರು. ಅಲ್ಲಿ ನಾನು ಕಟ್ಟಿಗೆಯ ವಿಷಯ ಹೇಳಿದೆ. ಅವರ ಮನೆ ಮುಂದಿನ ಮರ ಸುಮ್ಮನೆ ಹೋಯಿತು ಎನ್ನುವುದನ್ನೂ ಹೇಳಿದೆ.

"ಆ ಕಟ್ಟಿಗೆ ನಾನೂ ಹೊತ್ತಿದ್ದೀನಲ್ಲಮ್ಮ" ಎಂದರು ಅವರು. ನಾನು ಅಳಲು ಶುರುಮಾಡಿದಾಗ ಬೇರೆ ಕಡೆ ನೋಡಿದರು. ಆಮೇಲೆ, "ಬಾ, ಒಂದು ತೋರಿಸ್ತೀನಿ" ಎಂದು ಬೇಲಿಯ ಹತ್ತಿರ ಹೋದರು.

ಬೇಲಿಯ ಬುಡದಲ್ಲಿ ಉದ್ದಕ್ಕೂ ಎಳೆಯ ಸಸಿಗಳಿದ್ದವು. ಎದುರುಬದುರು ಎಲೆ, ಒಂದು ಕಡ್ಡಿಯಲ್ಲಿ ಏಳೇಳು. ಸತ್ತ ಮರಗಳ ಬೀಜ ಬಿದ್ದು ತಾವಾಗಿಯೇ ಹುಟ್ಟಿದವು. ಪೆನ್ಸಿಲ್‌ನಷ್ಟು ದಪ್ಪ. ಒಂದಕ್ಕೆ ಅಂಕಲ್ ಕೋಲು ನೆಟ್ಟು, ಸುತ್ತ ಪಾತಿ ಮಾಡಿ, ಪೈಪಿನಲ್ಲಿ ನೀರು ಬಿಟ್ಟಿದ್ದರು. ನೀರು ಇನ್ನೂ ಹರಿಯುತ್ತಿತ್ತು.

"ಅದೇ ಮರ ತಾನೇ ಇದು?"

"ಹೌದು ಅಂಕಲ್, ಆ್ಯಶ್."

"ಇದಕ್ಕೆ ಹುಳ ಬಂದಿಲ್ಲ."

"ಇಷ್ಟು ಸಣ್ಣದಕ್ಕೆ ಬರಲ್ಲ. ಸ್ವಲ್ಪ ದಪ್ಪ ಆದ್ಮೇಲೆ ಬರುತ್ತೆ."

"ಎಷ್ಟು ವರ್ಷಕ್ಕೆ?"

"ಆರು, ಎಂಟು ವರ್ಷ. ಹತ್ತಾದ್ರೆ ಹೆಚ್ಚು."

ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. "ಅಷ್ಟರೊಳಗೆ ಅವಳು ಕೂರೋವಷ್ಟು ನೆರಳು ಬರುತ್ತಾ?"

ಈ ಸಲ ನಾನು ಹುಸಿ ಭರವಸೆ ಕೊಡಲಿಲ್ಲ. "ಇಲ್ಲ ಅಂಕಲ್. ಅಷ್ಟು ದೊಡ್ಡದಾಗಲ್ಲ."

ಅವರು ತಲೆಯಾಡಿಸಿದರು. ಗೋಡೆಯ ಹತ್ತಿರ ಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದರು. ಪೈಪನ್ನು ಸುತ್ತಿ ಕೊಕ್ಕೆಗೆ ತೂಗುಹಾಕಿದರು. ಒಳಗಿಂದ ನನ್ನ ಗಂಡ ಊಟಕ್ಕೆ ಕರೆದರು. ನಾವಿಬ್ಬರೂ ಒಳಗೆ ಹೋದೆವು.